ನ್ಯೂರೆಂಬರ್ಗಿನ ನಡುಹಗಲು

ಜರ್ಮನಿಯ ನ್ಯೂರೆಂಬರ್ಗಿನ ಸಂತೆಚೌಕದಲ್ಲಿ ಹಗಲು ಹನ್ನೆರಡಾದೊಡನೆ ಎಲ್ಲರ ಮುಖವೂ ಮೇಲಕ್ಕೆ ತಿರುಗುತ್ತದೆ. ಮೇರಿಮಾತೆಯ ಇಗರ್ಜಿಯ ಗಡಿಯಾರದಲ್ಲಿ, ಚಕ್ರವರ್ತಿಯನ್ನು ಆರಿಸುವ ಹಕ್ಕುಳ್ಳ ಏಳು ಪ್ರಭುಗಳ ಬೊಂಬೆಗಳು ನಾಲ್ಕನೆಯ ಚಾರ್ಲ್ಸ್‌ ಚಕ್ರವರ್ತಿಗೆ ಮೂರು ಪ್ರದಕ್ಷಿಣೆ ಬರುತ್ತವೆ. 1509ರಲ್ಲಿ ಮುಗಿದ ಈ ಯಂತ್ರದ ಆಟವನ್ನು ಪ್ರವಾಸಿ ದಂಪತಿಗಳಿಬ್ಬರು ಮಕ್ಕಳಂತೆ ನೋಡುತ್ತ ನಿಂತರು.

ಪ್ರದಕ್ಷಿಣೆ ಮುಗಿಯಿತೋ ಇಲ್ಲವೋ, ಪತಿರಾಯನಿಗೆ ಹಸಿವು! ಬೀಚ್ ಮರದ ಬೆಂಕಿಯಲ್ಲಿ ಸುಟ್ಟ, ಮಾರ್ಜೊರಮ್ ಸೊಪ್ಪಿನ ಪರಿಮಳದ, ಬೆರಳುದ್ದದ ಹಂದಿಮಾಂಸದ ಸಾಸೇಜುಗಳು. ಬನ್ನೊಂದಕ್ಕೆ ಮೂರರಂತೆ ಇಟ್ಟುಕೊಡುವುದು ಅಲ್ಲಿಯ ವಾಡಿಕೆ. ಮಾಂಸವೊಲ್ಲದ ಮಡದಿಗೆ ಒದಗಿದ್ದು ಲೇಬ್‌ಕೂಖನ್. ಸುತ್ತಣ ಕಾಡಿನ ಜೇನು, ವೆನಿಸ್ ಮಾರ್ಗವಾಗಿ ಬಂದ ಪೂರ್ವದೇಶಗಳ ಏಲಕ್ಕಿ, ಲವಂಗ, ಶುಂಠಿ—ಇವುಗಳ ಕೂಟದಿಂದ ಹೆಸರಾದ ಸಿಹಿರೊಟ್ಟಿ ಅದು. ಅರ್ಧ ತಿಂದು, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿಕೊಂಡು ಆಕೆ ಪತಿಯೊಡನೆ ಇಗರ್ಜಿಯನ್ನು ಹೊಕ್ಕಳು.

ಪೂಜಾಪೀಠದೆಡೆಯ ನೆಲದಲ್ಲಿ ಯೆಹೂದ್ಯರ ಆರು ಮೂಲೆಯ ನಕ್ಷತ್ರ! ಕ್ರೈಸ್ತರ ಗುಡಿಯಲ್ಲಿ ಅದೇಕೆ?

1349ರವರೆಗೆ ಆ ಚೌಕವೇ ಯೆಹೂದ್ಯರ ಕೇರಿ. ಇಗರ್ಜಿ ನಿಂತೆಡೆಯಲ್ಲಿದ್ದುದು ಅವರ ಪ್ರಾರ್ಥನಾಮಂದಿರ. ಮನೆಗಳನ್ನು ಕೆಡವಿ ಸಂತೆಯ ಬಯಲು ಮಾಡಲು ಊರಿನವರಿಗೆ ಅಪ್ಪಣೆಯಿತ್ತವನು, ಮೇಲೆ ಕುಳಿತು ಪ್ರದಕ್ಷಿಣೆ ಮಾಡಿಸಿಕೊಳ್ಳುವ ಆ ಚಾರ್ಲ್ಸನೇ. ಆ ವರ್ಷದ ಡಿಸೆಂಬರಿನಲ್ಲಿ 562 ಮಂದಿ ಹತರಾದರು. ಅಷ್ಟು ಚೆಲುವಾದ ಗಡಿಯಾರ ಇದೊಂದನ್ನು ಮಾತ್ರ ಹೇಳುವುದಿಲ್ಲ.

ದಂಪತಿಗಳು ಹೊರಗೆ ಬಂದಾಗ ಚೌಕದಲ್ಲಿ ಹೂವಿನ ವ್ಯಾಪಾರ ಭರದಿಂದ ಸಾಗಿತ್ತು. ಕಾಗದದಲ್ಲಿದ್ದ ಅರ್ಧ ರೊಟ್ಟಿಯನ್ನು ಆಕೆ ಸಂಜೆಯವರೆಗೂ ಬಿಚ್ಚಲಿಲ್ಲ.