ತ್ರಿಕೋನದಷ್ಟು ಹಳದಿ

‘ಕೂಸಿಗೆ ಕಾಮಾಲೆ ಅಂತ ಲೈಟಿಗೆ ಇಟ್ಟಿದ್ದಾರೆ. ಎಳೆಬಿಸಿಲಿಗೆ ಹಿಡಿದರೆ ಸಾಲದೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಸಾಲದು. ಬಿಸಿಲನ್ನು ಅಳೆದು ಕೊಡಲಾಗದು. ಜೊತೆಗೆ ನೇರಳಾತೀತ ಕಿರಣ, ಸೆಕೆ ಎರಡೂ ಬರುತ್ತವೆ. ಆದರೂ ಪ್ರಶ್ನೆ ಪೆದ್ದಲ್ಲ. ಈ ಚಿಕಿತ್ಸೆ ಹುಟ್ಟಿದ್ದೇ ಬಿಸಿಲಿನಲ್ಲಿ.

1956ರ ಬೇಸಿಗೆ. ಇಂಗ್ಲೆಂಡಿನ ಎಸೆಕ್ಸ್‌ನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡು ಸಿಸ್ಟರ್ ಜೀನ್ ವಾರ್ಡ್ ಅವರ ಸುಪರ್ದಿಯಲ್ಲಿತ್ತು. ಒಳಗಿನ ಬಿಸಿ ಹವೆಗಿಂತ ಅಂಗಳದ ಗಾಳಿ ಬೆಳಕೇ ಒಳ್ಳೆಯದೆಂದು ಅವರು ಕೂಸುಗಳನ್ನು ಹೊರಗೊಯ್ಯುತ್ತಿದ್ದರು. ಒಂದು ದಿನ ರೌಂಡ್ಸಿಗೆ ಬಂದ ವೈದ್ಯರಿಗೆ ಒಂದು ಮಗುವಿನ ಬಟ್ಟೆ ಸರಿಸಿ ತೋರಿಸಿದರು. ಮೈಯೆಲ್ಲ ತಿಳಿಬಣ್ಣ, ಒಂದು ತ್ರಿಕೋನ ಮಾತ್ರ ಗಾಢ ಹಳದಿ. ಅಯೋಡಿನ್ ಏನಾದರೂ ಬಳಿದಿರಾ ಎಂದರಂತೆ ವೈದ್ಯರು. ಬಳಿದದ್ದಲ್ಲ, ಹೊದಿಕೆಯ ಮೂಲೆ ಮುಚ್ಚಿದ್ದ ಜಾಗ ಅದು. ಆಮೇಲೆ ಕಿಟಕಿಯ ಬಿಸಿಲಿನಲ್ಲಿ ಮರೆತ ರಕ್ತದ ನಳಿಕೆಯಲ್ಲೂ ಬಿಲಿರುಬಿನ್, ಅಂದರೆ ಕಾಮಾಲೆಯ ಹಳದಿಗೆ ಕಾರಣವಾದ ವಸ್ತು, ಇಳಿದದ್ದು ಕಂಡಿತು. 1958ರಲ್ಲಿ ಅದೇ ಆಸ್ಪತ್ರೆಯ ವೈದ್ಯ ರಿಚರ್ಡ್ ಕ್ರೆಮರ್ ಮತ್ತಿಬ್ಬರು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಲೇಖಕರ ಸಾಲಿನಲ್ಲಿ ಸಿಸ್ಟರ್ ವಾರ್ಡ್ ಇಲ್ಲ!

ಬಿಲಿರುಬಿನ್ ನೀರಿನಲ್ಲಿ ಕರಗದು, ಏಕೆಂದರೆ ಅದರ ಅಣು ನೀರಿಗೆ ಒಗ್ಗುವ ಭಾಗಗಳನ್ನು ಒಳಗೆ ಮಡಿಸಿಕೊಂಡಿರುತ್ತದೆ. ರಾತ್ರಿ ಮುದುಡಿದ ಮುಟ್ಟಿದರೆಮುನಿ ಬೆಳಗಾದೊಡನೆ ಎಲೆ ಬಿಚ್ಚುವ ಹಾಗೆ, 460ರಿಂದ 490 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕು ಬಿದ್ದರೆ ಅಣು ತಿರುಚಿ ತೆರೆದುಕೊಳ್ಳುತ್ತದೆ. ಆಮೇಲೆ ಅದು ಪಿತ್ತದಲ್ಲೂ ಮೂತ್ರದಲ್ಲೂ ಸಲೀಸಾಗಿ ಹೊರಬೀಳುತ್ತದೆ.

ಈ ನೀಲಿ ಬೆಳಕು ಕೊಡುವ ಹೊಸ ಎಲ್ಇಡಿ ಯಂತ್ರಗಳ ಜಾಹೀರಾತು ಓದಿದರೆ ಗುಂಡಿ ಒತ್ತಿದರೆ ಮುಗಿಯಿತು ಅನಿಸುತ್ತದೆ. ವಾರ್ಡಿನ ಸಿಸ್ಟರನ್ನು ಕೇಳಿ ನೋಡಿ. ಬೆಳಕು ಬಿದ್ದ ಚರ್ಮಕ್ಕಷ್ಟೇ ಫಲ. ಆದ್ದರಿಂದ ಲಂಗೋಟಿ ಬಿಟ್ಟು ಮೈ ಬರಿದಾಗಿರಬೇಕು, ದೀಪ ಸಾಕಷ್ಟು ಹತ್ತಿರವಿರಬೇಕು. ಬೆಳಕು ತಾಗದಂತೆ ಕಣ್ಣಿಗೆ ಕಟ್ಟಿದ ಪಟ್ಟಿ ಜಾರಿ ಮೂಗು ಮುಚ್ಚಿದರೆ ಉಸಿರಿಗೇ ಸಂಚಕಾರ. ಬರಿಮೈ ಕೂಸು ತಣ್ಣಗಾಗಬಹುದು, ದೀಪದ ಕಾವಿಗೆ ಬಿಸಿಯೂ ಏರಬಹುದು. ಅದಕ್ಕೇ ಮತ್ತೆ ಮತ್ತೆ ಥರ್ಮಾಮೀಟರು. ಎರಡು ಮೂರು ತಾಸಿಗೊಮ್ಮೆ ಎತ್ತಿ, ಪಟ್ಟಿ ಬಿಚ್ಚಿ, ತಾಯಿಯ ಎದೆಗೆ ಕೊಡುತ್ತಾರೆ. ಹಾಲು ಇಳಿದಷ್ಟೂ ಮಲ ಸಾಗುತ್ತದೆ, ಬಿಲಿರುಬಿನ್ನಿಗೂ ಅದೇ ದಾರಿ. ಮಲ ಹಸಿರಾಗಿ ತೆಳ್ಳಗಾದರೆ ಅಜ್ಜಿಯರು ಗಾಬರಿಯಾಗಬೇಕಿಲ್ಲ. ಒದ್ದೆ ಲಂಗೋಟಿಗಳ ಲೆಕ್ಕ ಇಡಲಿ.

ಮೈ ಬಿಳುಪಾಯಿತು, ಮನೆಗೆ ಕಳಿಸಿ ಎಂದು ಬಂಧುಗಳು ಒತ್ತಾಯಿಸುವುದುಂಟು. ಬೆಳಕು ಮೊದಲು ತೊಳೆಯುವುದು ಚರ್ಮವನ್ನೇ. ರಕ್ತದಲ್ಲಿ ಇನ್ನೂ ಉಳಿದಿರಬಹುದು. ಮಿತಿಮೀರಿದ ಬಿಲಿರುಬಿನ್ ಮಿದುಳಿಗಿಳಿದರೆ ಶಾಶ್ವತ ಹಾನಿ. ಅದಕ್ಕೇ ರಕ್ತಪರೀಕ್ಷೆ. ರಕ್ತ ತೆಗೆಯುವಾಗ ಸಿಸ್ಟರ್ ದೀಪ ಆರಿಸಿ, ನಳಿಕೆಯನ್ನು ಬೆಳಕು ತಾಗದಂತೆ ಮುಚ್ಚಿ ಲ್ಯಾಬಿಗೆ ಕಳಿಸುತ್ತಾರೆ.