ಒಲೆಯ ಉರಿ ನಿಲ್ಲುವ ಬಗೆ

ಕಳೆದ ಮಳೆಗಾಲದ ಒಂದು ಸಂಜೆ. ಯೆರವಡಾದ ನಮ್ಮ ಮನೆಯಲ್ಲಿ ಹಾಲು ಸಣ್ಣ ಉರಿಯ ಮೇಲಿತ್ತು. ಕಿಟಕಿಯಿಂದ ಬೀಸಿದ ಗಾಳಿಗೆ ಉರಿ ಆರಿದ್ದು ಯಾರಿಗೂ ತಿಳಿಯಲಿಲ್ಲ. ಕತ್ತಲಾಯಿತೆಂದು ನಾವು ಅಡಿಗೆಮನೆಯ ದೀಪದ ಸ್ವಿಚ್ಚಿಗೆ ಕೈ ಚಾಚಿದೆವು. ಅಷ್ಟರಲ್ಲಿ ಅವ್ವ ಕೂಗಿದಳು: “ಗ್ಯಾಸಿನ ನಾತ ಹೊಡ್ಯಾಕತ್ತೈತಿ, ಸ್ವಿಚ್ ಮುಟ್ಟಬ್ಯಾಡೋ!” ಆ ಮಾತು ನಮ್ಮನ್ನು ಕಾಯಿತು.

ಅಂದಿನಿಂದ ಉರಿ ಹೇಗೆ ನಿಲ್ಲುತ್ತದೆ, ಏಕೆ ಆರುತ್ತದೆ ಎಂಬುದನ್ನು ಓದಿ ತಿಳಿದುಕೊಂಡೆವು. ಗಾಳಿಯೊಡನೆ ಬೆರೆತ ಗ್ಯಾಸು ಬರ್ನರಿನ ರಂಧ್ರಗಳಿಂದ ಹೊರಕ್ಕೆ ನುಗ್ಗುತ್ತದೆ. ಉರಿಯಾದರೋ ಆ ಮಿಶ್ರಣವನ್ನು ಸುಡುತ್ತ ಎದುರು ಬರುತ್ತದೆ. ಎರಡು ವೇಗಗಳೂ ಸರಿಹೊಂದಿದಲ್ಲಿ ಉರಿ ನೆಲೆ ನಿಲ್ಲುತ್ತದೆ. ಕೊಳವೆ ಗ್ಯಾಸಿನಲ್ಲಿ ಬಹುಪಾಲು ಮೀಥೇನು. ಅದು ಗಾಳಿಯೊಡನೆ ಹದವಾಗಿ ಬೆರೆತಾಗ, ಶಾಂತ ಹರಿವಿನಲ್ಲಿ ಉರಿಯ ನಡೆ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರು. ಮಿಶ್ರಣದ ರಭಸ ಮಿತಿಮೀರಿದರೆ ಉರಿ ಬರ್ನರನ್ನು ಬಿಟ್ಟು ಮೇಲೇಳುತ್ತದೆ. ತೀರ ಕುಗ್ಗಿದರೆ ರಂಧ್ರದೊಳಕ್ಕೆ ನುಸುಳುವುದೂ ಉಂಟು.

ಬಂಡ್ ಗಾರ್ಡನ್ನಿನ ಬಳಿ ಮುಳಾ-ಮುಠಾ ನದಿಯನ್ನು ನೋಡಿ. ಒಡ್ಡಿನ ಮೇಲ್ಗಡೆ ನೀರು ಸಮನಾಗಿರುತ್ತದೆ, ಕೆಳಗಡೆ ಸುಳಿಸುಳಿಯಾಗುತ್ತದೆ. ಹರಿವಿನ ಈ ಎರಡು ಬಗೆಗಳನ್ನು ಆಸ್ಬರ್ನ್ ರೆನಾಲ್ಡ್ಸ್ ಎಂಬ ವಿದ್ವಾಂಸರು 1883ರಲ್ಲಿ ಗಾಜಿನ ಕೊಳವೆಯಲ್ಲಿ ಬಣ್ಣದ ಎಳೆ ಹರಿಸಿ ತೋರಿಸಿದರು. ಸುಳಿ ಉರಿಗೆ ಮಿತ್ರನೂ ಹೌದು, ಶತ್ರುವೂ ಹೌದು. ಉರಿಯ ಮೈಯನ್ನು ನೆರಿಗೆಗಟ್ಟಿಸಿ ಅದು ಬೇಗ ಸುಡುವಂತೆ ಮಾಡುತ್ತದೆ. ಅತಿಯಾದರೆ ಉರಿಯನ್ನು ಹರಿದು, ಶಾಖ ಚದುರಿಸಿ, ಆರಿಸಿಬಿಡುತ್ತದೆ. ಸಣ್ಣ ಉರಿಯಲ್ಲಿ ಶಾಖವೂ ಸಣ್ಣದು. ನಮ್ಮ ಕಿಟಕಿಯ ಗಾಳಿಗೆ ಅದು ಸೋತದ್ದು ಆಶ್ಚರ್ಯವಲ್ಲ.

ಇನ್ನೊಂದು ಮಾತು. ಪೂರ್ತಿಯಾಗಿ ಸುಡಲು ಒಂದು ಪಾಲು ಮೀಥೇನಿಗೆ ಸುಮಾರು 9.5 ಪಾಲು ಗಾಳಿ ಸಾಕು. ಸಿಲಿಂಡರಿನಲ್ಲಿರುವ ಪ್ರೊಪೇನಿಗೆ ಸುಮಾರು 24 ಪಾಲು ಬೇಕು. ಆದುದರಿಂದ ಸಿಲಿಂಡರನ್ನು ಬಿಟ್ಟು ಕೊಳವೆ ಗ್ಯಾಸಿಗೆ ಬರುವವರು ಒಲೆಯ ಜೆಟ್ಟನ್ನೂ ಬಲ್ಲವರಿಂದ ಬದಲಿಸಿಕೊಳ್ಳಬೇಕು. ಹಾಲುಕ್ಕಿ ರಂಧ್ರ ಮುಚ್ಚಿದರೂ ಗಾಳಿ ಸಾಲದೆ ಉರಿ ಹಳದಿಯಾಗಿ, ಪಾತ್ರೆಗೆ ಮಸಿ ಹಿಡಿದೀತು.

ನಾತ ಬಂದರೆ ಒಲೆ ಬಂದ್ ಮಾಡಿ, ಕಿಟಕಿ ತೆರೆಯಿರಿ, ಸ್ವಿಚ್ಚು ಮುಟ್ಟದಿರಿ. ಕೊಳವೆ ಗ್ಯಾಸು ಹಗುರ, ಮೇಲಕ್ಕೇರುತ್ತದೆ. ಸಿಲಿಂಡರಿನದು ಭಾರ, ನೆಲ ಹಿಡಿಯುತ್ತದೆ. ಉರಿ ಆರಿದೊಡನೆ ಗ್ಯಾಸನ್ನು ತಾನೇ ತಡೆಯುವ ಒಲೆಗಳೂ ಈಗ ದೊರೆಯುತ್ತವೆ. ನಾವೂ ಒಂದನ್ನು ತಂದೆವು. ಆದರೂ ಅವ್ವ ಹಾಲಿನ ಮುಂದಿನಿಂದ ಏಳುವುದಿಲ್ಲ. ಏಳಿರೆಂದು ನಾವೂ ಹೇಳುವುದಿಲ್ಲ.