ಕಿರುದಲೆಯ ಶಿಶುಗಳಲ್ಲಿ ಮುಖದ ಬೆಳವಣಿಗೆ ಮತ್ತು ಆಹಾರಸೇವನೆಯ ತೊಡಕುಗಳು

ಶಿಶುವಿನ ತಲೆಯ ಸುತ್ತಳತೆಯು ಅದರ ವಯಸ್ಸು ಹಾಗೂ ಲಿಂಗಕ್ಕೆ ಅನುಗುಣವಾದ ಸರಾಸರಿಗಿಂತ 2 ಮಾನಕ ವಿಚಲನೆಗಳಿಗೂ ಹೆಚ್ಚು ಕೆಳಗಿದ್ದರೆ ಆ ಸ್ಥಿತಿಯನ್ನು ವೈದ್ಯವಿಜ್ಞಾನವು ‘ಮೈಕ್ರೊಸೆಫಲಿ’ ಎಂದು ಕರೆಯುತ್ತದೆ. ಕನ್ನಡದಲ್ಲಿ ಇದನ್ನು ‘ಕಿರುದಲೆ’ ಎನ್ನಬಹುದು. ಇದು ಸ್ವತಂತ್ರವಾದ ಒಂದು ರೋಗವಲ್ಲ. ಮಿದುಳಿನ ಬೆಳವಣಿಗೆ ಕುಂಠಿತವಾಗಿರುವುದರ ಬಾಹ್ಯ ಚಿಹ್ನೆ. ಆನುವಂಶಿಕ ದೋಷಗಳು, ಗರ್ಭಾವಸ್ಥೆಯಲ್ಲಿ ತಗಲುವ ರುಬೆಲ್ಲಾ, ಸೈಟೊಮೆಗಲೊ ಮತ್ತು ಝೀಕಾ ವೈರಸ್‌ಗಳ ಸೋಂಕು, ಗರ್ಭಿಣಿಯ ಮದ್ಯಸೇವನೆ ಮುಂತಾದವು ಇದಕ್ಕೆ ಕಾರಣಗಳಾಗಬಲ್ಲವು. ಇಂಥ ಶಿಶುಗಳ ಮುಖಲಕ್ಷಣ ಎದ್ದು ಕಾಣುವುದರಿಂದ ಅವು ಉಣ್ಣಲು ಪಡುವ ಕಷ್ಟಕ್ಕೂ ಮುಖದ ರಚನೆಯೇ ಕಾರಣವೆಂಬ ಭಾವನೆ ಸಹಜವಾಗಿ ಮೂಡುತ್ತದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ತೊಡಕಿನ ಮೂಲವಿರುವುದು ಮುಖವನ್ನು ನಿಯಂತ್ರಿಸುವ ಮಿದುಳಿನಲ್ಲಿ.

ಮುಖದ ಮೂಲರೂಪವು ಭ್ರೂಣದ 4ರಿಂದ 8ನೆಯ ವಾರಗಳ ಅವಧಿಯಲ್ಲಿ ಸಿದ್ಧವಾಗುತ್ತದೆ. ಹಣೆ–ಮೂಗಿನ ಭಾಗದ ಒಂದು, ಮೇಲ್ದವಡೆಯ ಎರಡು ಮತ್ತು ಕೆಳದವಡೆಯ ಎರಡು ಉಬ್ಬುಗಳು ಪರಸ್ಪರ ಕೂಡಿಕೊಂಡು ಮುಖವಾಗುತ್ತವೆ. ತಲೆಬುರುಡೆಯ ಮೇಲ್ಭಾಗದ ಬೆಳವಣಿಗೆಯ ಬಗೆ ಬೇರೆ. ಒಳಗಿನಿಂದ ಹಿಗ್ಗುವ ಮಿದುಳಿನ ಒತ್ತಡಕ್ಕೆ ಅನುಗುಣವಾಗಿ ಅದು ವಿಸ್ತರಿಸುತ್ತದೆ. ಮಿದುಳು ಬೆಳೆಯದಿದ್ದಾಗ ಹಣೆ ಹಿಂದಕ್ಕೆ ಜಾರಿದಂತಿರುತ್ತದೆ. ಮುಖದ ಎಲುಬುಗಳು ಬಹುಮಟ್ಟಿಗೆ ತಮ್ಮ ಗತಿಯಲ್ಲೇ ಬೆಳೆಯುವುದರಿಂದ ಮುಖವು ತಲೆಗಿಂತ ದೊಡ್ಡದೆಂಬಂತೆ ತೋರುತ್ತದೆ. ಹಾಗೆಂದು ರಚನಾದೋಷಗಳು ಇಲ್ಲವೇ ಇಲ್ಲವೆಂದಲ್ಲ. ಕಾರ್ನೀಲಿಯಾ ಡಿ ಲಾಂಗ್ ಸಿಂಡ್ರೋಮ್‌ನಲ್ಲಿ ಕಿರುದಲೆಯ ಜೊತೆಗೆ ಚಿಕ್ಕ ಕೆಳದವಡೆ, ಕೆಲವೊಮ್ಮೆ ಸೀಳಿದ ಅಂಗುಳ ಕಂಡುಬರುತ್ತವೆ. ಅಂಥಲ್ಲಿ ರಚನೆಯೂ ಹಾಲು ಹೀರಲು ಅಡ್ಡಿಯಾಗುತ್ತದೆ.

ಹೀರುವುದು, ನುಂಗುವುದು, ಉಸಿರಾಡುವುದು ಇವು ಮೂರೂ ಒಂದೇ ಲಯದಲ್ಲಿ ನಡೆಯಬೇಕು. ಈ ಹೊಂದಾಣಿಕೆ ಗರ್ಭದ ಸುಮಾರು 34ನೆಯ ವಾರದ ವೇಳೆಗೆ ಒದಗುತ್ತದೆ. ತುಟಿ, ದವಡೆ, ನಾಲಿಗೆ, ಗಂಟಲುಗಳನ್ನು ಆಳುವ 5, 7, 9, 10 ಮತ್ತು 12ನೆಯ ಕಪಾಲನರಗಳು ಇದರಲ್ಲಿ ಪಾಲ್ಗೊಳ್ಳುತ್ತವೆ. ನವಜಾತ ಶಿಶುವಿನಲ್ಲಿ ಇದು ಮುಖ್ಯವಾಗಿ ಮಿದುಳುಕಾಂಡದಿಂದ ನಡೆಯುವ ಅನೈಚ್ಛಿಕ ಕ್ರಿಯೆ. ಕೆಲವು ತಿಂಗಳು ಕಳೆದಂತೆ ಹುಟ್ಟಿನ ಪ್ರತಿವರ್ತನೆಗಳು ಹಿಂಜರಿದು, ಮಿದುಳಿನ ಮೇಲಿನ ಭಾಗಗಳು ಕ್ರಮೇಣ ಹತೋಟಿ ವಹಿಸಿಕೊಳ್ಳುತ್ತವೆ. ಆ ಭಾಗಗಳೇ ಹಾನಿಗೊಂಡಿದ್ದರೆ, ಮೊದಲು ಚೆನ್ನಾಗಿ ಹಾಲು ಕುಡಿಯುತ್ತಿದ್ದ ಶಿಶುವೂ ನಂತರದಲ್ಲಿ ತಡವರಿಸಬಹುದು.

ಇದಕ್ಕೆ ಸ್ಪಷ್ಟ ನಿದರ್ಶನ ದೊರೆತದ್ದು ಬ್ರೆಜಿಲ್‌ನಲ್ಲಿ. 2015ರಲ್ಲಿ ಆ ದೇಶದ ಈಶಾನ್ಯ ಭಾಗದಲ್ಲಿ ಕಿರುದಲೆಯ ಶಿಶುಗಳ ಜನನ ಹಠಾತ್ತನೆ ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯು 2016ರ ಫೆಬ್ರವರಿ 1ರಂದು ಇದನ್ನು ಅಂತರರಾಷ್ಟ್ರೀಯ ತುರ್ತುಸ್ಥಿತಿಯೆಂದು ಘೋಷಿಸಿತು. ಮೂಲಕಾರಣ ಝೀಕಾ ವೈರಸ್ ಎಂಬುದು ಮುಂದೆ ದೃಢಪಟ್ಟಿತು. ಅಲ್ಲಿನ 9 ಶಿಶುಗಳ ನುಂಗುವಿಕೆಯನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲ 9 ಶಿಶುಗಳಲ್ಲೂ ಬಾಯಿಯ ಹಂತದ ಕ್ರಿಯೆ ಅಸಹಜವಾಗಿತ್ತು; 8ರಲ್ಲಿ ಬಾಯಿ ಮತ್ತು ಮೇಲಿನ ಶ್ವಾಸಮಾರ್ಗದ ಸಂವೇದನೆಯ ಕೊರತೆಯಿಂದ ನುಂಗುವಿಕೆ ತಡವಾಗಿ ಆರಂಭವಾಗುತ್ತಿತ್ತು. ಈ ತೀವ್ರ ತೊಡಕು 3 ತಿಂಗಳು ದಾಟಿದ ಬಳಿಕ ತಲೆದೋರಬಲ್ಲದೆಂಬುದೂ, ಆಹಾರ, ಅದರಲ್ಲಿಯೂ ದ್ರವಾಹಾರ, ಶ್ವಾಸನಾಳಕ್ಕೆ ಜಾರುವ ಅಪಾಯ ಹೆಚ್ಚೆಂಬುದೂ ಆ ಅಧ್ಯಯನದಿಂದ ತಿಳಿದುಬಂದಿತು.

ಸಂವೇದನೆ ಕುಗ್ಗಿದ ಶಿಶುವಿನಲ್ಲಿ ಹಾಲು ಶ್ವಾಸನಾಳ ಸೇರಿದಾಗಲೂ ಕೆಮ್ಮು ಬಾರದಿರಬಹುದು. ಆದುದರಿಂದ ಕೆಮ್ಮಿಲ್ಲವೆಂಬುದು ಸುರಕ್ಷತೆಯ ಪ್ರಮಾಣವಲ್ಲ. ಉಣಿಸಲು ದೀರ್ಘಕಾಲ ಹಿಡಿಯುವುದು, ಮೂಗಿನಿಂದ ಹಾಲು ಬರುವುದು, ಉಣಿಸಿದ ಮೇಲೆ ಗಂಟಲಿನಲ್ಲಿ ಗೊರಗೊರ ಸದ್ದು, ಪದೇ ಪದೇ ನ್ಯುಮೋನಿಯಾ, ತೂಕ ಏರದಿರುವುದು ಇವು ಲಕ್ಷ್ಯಕ್ಕೆ ತರಬೇಕಾದ ಸೂಚನೆಗಳು. ಅಗತ್ಯವಿದ್ದಲ್ಲಿ ನುಂಗುವಿಕೆಯ ಎಕ್ಸ್–ರೇ ಚಲನಚಿತ್ರ ಪರೀಕ್ಷೆಯಿಂದ ದೋಷದ ಹಂತವನ್ನು ಗುರುತಿಸಬಹುದು. ಸ್ನಾಯುಗಳ ಬಿಗಿತದಿಂದ ಹಿಂದಕ್ಕೆ ಬಾಗುವ ತಲೆಯನ್ನು ನೇರವಾಗಿ ಆಧರಿಸಿ ಕೂರಿಸಿಕೊಂಡು ಉಣಿಸುವುದು, ತಜ್ಞರ ಸಲಹೆಯಂತೆ ಆಹಾರದ ಮಂದತೆಯನ್ನು ಹೊಂದಿಸುವುದು ಉಪಯುಕ್ತ. ಬಾಯಿಯ ಮೂಲಕ ಉಣಿಸುವುದು ಅಪಾಯಕರವಾದಾಗ ಹೊಟ್ಟೆಗೆ ನೇರವಾಗಿ ನಳಿಕೆ ಅಳವಡಿಸಬೇಕಾಗುತ್ತದೆ.

ಈ ವಿವರಣೆಗೆ ವೈದ್ಯಕೀಯ ಮಹತ್ವವಷ್ಟೇ ಅಲ್ಲದೆ ಸಾಮಾಜಿಕ ಮಹತ್ವವೂ ಉಂಟು. ಮೊದಲ ತಿಂಗಳುಗಳಲ್ಲಿ ಹಾಲು ಕುಡಿಯುತ್ತಿದ್ದ ಮಗು ನಾಲ್ಕನೆಯ ತಿಂಗಳಲ್ಲಿ ಸೊರಗತೊಡಗಿದರೆ, ತಾಯಿಗೆ ಹಾಲು ಸಾಲದೆಂದೋ ಅವಳಿಗೆ ಉಣಿಸಲು ಬಾರದೆಂದೋ ಮನೆಯವರು ಭಾವಿಸುವ ಸಂಭವವಿರುತ್ತದೆ. ಬದಲಾದದ್ದು ತಾಯಿಯ ಆರೈಕೆಯಲ್ಲ, ನುಂಗುವಿಕೆಯ ಹತೋಟಿ. ಮಿದುಳಿಗಾದ ಮೂಲಹಾನಿಯನ್ನು ಸರಿಪಡಿಸುವ ಚಿಕಿತ್ಸೆ ಇಂದಿಗೂ ಲಭ್ಯವಿಲ್ಲ. ಆದರೆ ಹಸಿವು ಮತ್ತು ನ್ಯುಮೋನಿಯಾಗಳಿಂದಾಗುವ ಹೆಚ್ಚುವರಿ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ಆದ್ದರಿಂದ ಜನನಕಾಲದಲ್ಲಿ ತಲೆಯನ್ನು ಅಳೆಯುವುದರೊಂದಿಗೆ ಕೆಲಸ ಮುಗಿಯುವುದಿಲ್ಲ. ಮೂರನೆಯ ತಿಂಗಳಿನ ನಂತರವೂ ಮಗು ಹೇಗೆ ನುಂಗುತ್ತಿದೆ ಎಂಬುದನ್ನು ಮತ್ತೆ ಮತ್ತೆ ಪರೀಕ್ಷಿಸುವುದು ಅಷ್ಟೇ ಆವಶ್ಯಕ.